ಡೌನ್ ಅನ್ನದವನು

ಹಲ್ಡಾ ಸತ್ತ ಗಂಡನ ಮೈಮೇಲಿದ್ದ ಸ್ವೆಟರನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಕುದುರೆ ಸಜ್ಜು ಹೊಲಿಯುವವರ ಮನೆಯ ಕತ್ತರಿ ಅದು. ದಪ್ಪ ತೊಗಲನ್ನೇ ಬಿಡದ್ದು ಉಣ್ಣೆಯನ್ನು ಬಿಟ್ಟೀತೆ? ಕೊರಳಿನಿಂದ ಶುರುಮಾಡಿ, ಎದೆಯ ಮೇಲಿದ್ದ ಕಾಲೇಜಿನ ದೊಡ್ಡ ಕೆಂಪು ಅಕ್ಷರವನ್ನು ನಡುವೆ ಸೀಳಿ, ಆಗಲೇ ಹೊಟ್ಟೆಯವರೆಗೆ ಬಂದಿದ್ದಳು.

ಸೇಬಿನ ಪೈ ಹಿಡಿದು ಬಂದ ತಂಗಿ ಮಿನ್ನಾ ಬಾಗಿಲಲ್ಲೇ ನಿಂತುಬಿಟ್ಟಳು.

“ಅಕ್ಕಾ, ಜನ ಬರೋ ಹೊತ್ತಿಗೆ ಇದೇನೇ ನಿನ್ನ ಅವತಾರ?”

“ಮೇಲಿನ ಖಾನೇಲಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಇದೆ. ತಗೊಂಡು ಬಾ.”

“ಲೂಥರ್ ಪ್ರೌಟ್ ತಾವೇ ನಿಂತು ಹಾಕಿಸಿದ್ದಂತೆ ಇದನ್ನ. ನೋಡಿದ್ರೆ ಏನಂದುಕೊಳ್ತಾರೆ?”

“ಹೆಣ ನನ್ನದು. ಅವರದಲ್ಲ.”

ಯಾವ ಮಾತಿಗೂ ಎದುರು ಮಾತು ಕೊಡದೆ ಬಿಟ್ಟವಳಲ್ಲ ಮಿನ್ನಾ. ಈ ಸಲ ಮಾತ್ರ ಪೈ ತಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅಂಗಿ ತರಲು ಹೋದಳು. ಹೆಣವನ್ನು ಮಗ್ಗುಲಿಗೆ ಹೊರಳಿಸಲು ಕೈ ಕೊಡುತ್ತೇನೆಂದು ಬಂದರೆ ಅದರ ಅಗತ್ಯವೇ ಬೀಳಲಿಲ್ಲ. ಆ ಮೈಯ ಭಾರ ಎಲ್ಲಿದೆ, ಮೊಣಕೈಯನ್ನು ಎಲ್ಲಿಗೆ ಕೊಟ್ಟರೆ ಅದು ತಾನಾಗಿ ಹೊರಳುತ್ತದೆ ಎಂಬುದು ಹಲ್ಡಾಳ ಕೈಗಳಿಗೆ ಗೊತ್ತಿತ್ತು. ಮದುವೆಯಾದಾಗಿನಿಂದ ದಿನವೂ ಅವಳು ಮಾಡಿದ್ದು ಇದನ್ನೇ. ಹೊರಳಿಸಿದ ಮೇಲೆ ಅವಳ ಬೆರಳುಗಳು ಹುಣ್ಣು ಎದ್ದಿದೆಯೇ ಎಂದು ಸೊಂಟದ ಕೆಳಗೆ ತಡವಿ ನೋಡಿದವು. ಇನ್ನು ಅದೆಲ್ಲ ಯಾಕೆ ಎಂದು ಹೊಳೆದಾಗ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಆರ್ಲೋ ಫೆಂಟ್ರೆಸ್ ಎಂದರೆ ನಮ್ಮ ಆಲ್ಡರ್ಟನ್‌ನಲ್ಲಿ ಗೊತ್ತಿಲ್ಲದವರಿಲ್ಲ. ಸಜ್ಜಿನ ಅಂಗಡಿಯ ಕಿಟಕಿಯ ಹಿಂದೆ ಗಾಲಿಕುರ್ಚಿಯಲ್ಲಿ, ಸತ್ತ ಕಾಲುಗಳ ಮೇಲೆ ಕಂಬಳಿ ಹೊದ್ದು, ದಬ್ಬಳ ಹಿಡಿದು ಕೂತಿರುತ್ತಿದ್ದ ಮನುಷ್ಯ. ಮೊದಲು ಲಗಾಮು ಹೊಲಿದ. ಊರಿಗೆ ಮೋಟಾರು ಬಂದು ಕುದುರೆಗಳು ಹೋದ ಮೇಲೆ ಚೀಲ ಹೊಲಿದ, ಬೂಟು ಹೊಲಿದ, ಕಾಲೇಜಿನ ಹುಡುಗರು ಒದ್ದು ಹರಿದ ಚೆಂಡುಗಳನ್ನು ಹೊಲಿದ. ಮಾತು ಕಡಿಮೆ. ಮಕ್ಕಳಿಲ್ಲ. ಇಷ್ಟೇ ಆಗಿದ್ದರೆ ಊರು ಅವನನ್ನು ಮರೆತು ಎಷ್ಟೋ ಕಾಲವಾಗಿರುತ್ತಿತ್ತು. ಆದರೆ ಅವನು ಡೌನ್ ಅನ್ನದವನು.

ಆಗಿನ ಫುಟ್‌ಬಾಲು ಈಗಿನ ಹಾಗಲ್ಲ. ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ನುಗ್ಗುವವನನ್ನು ಎದುರಿನವರು ಕೆಡವಿದ ಮಾತ್ರಕ್ಕೆ ಆಟ ನಿಲ್ಲುತ್ತಿರಲಿಲ್ಲ. ಬಿದ್ದವನೇ ಬಾಯಿಬಿಟ್ಟು ‘ಡೌನ್’, ಅಂದರೆ ಬಿದ್ದೆ, ಸಾಕು, ಎಂದು ಕೂಗಬೇಕು. ಕೂಗಿದನೋ, ಎಲ್ಲರೂ ಕೈಬಿಡಬೇಕು. ಕೂಗುವವರೆಗೆ ಅವನ ಕಡೆಯವರು ಅವನನ್ನು ಮುಂದಕ್ಕೆ ಎಳೆಯಬಹುದು, ಎದುರಿನವರು ಹಿಂದಕ್ಕೆ ಎಳೆಯಬಹುದು, ಮೇಲೆ ಹತ್ತಿ ಕೂರಬಹುದು. ಆ ಒಂದು ಮಾತನ್ನು ಆಡದೆ ಆರ್ಲೋ ಬೆನ್ನುಮೂಳೆ ಮುರಿಸಿಕೊಂಡ, ಕಾಲೇಜಿಗೆ ಸೀಸನ್ ಗೆದ್ದುಕೊಟ್ಟ ಎನ್ನುವುದು ಊರಿನ ಕತೆ. ಪ್ರತಿ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಪಂದ್ಯಕ್ಕೆ ಅವನನ್ನು ಕುರ್ಚಿಸಮೇತ ಹೊತ್ತೊಯ್ದು ಮೈದಾನದಂಚಿನಲ್ಲಿ ಕೂರಿಸಿ, ಸಾವಿರ ಜನ ಟೋಪಿ ತೆಗೆಯುತ್ತಿದ್ದರು.

ಈಗ ಮುಂದಿನ ಕೋಣೆಯಲ್ಲಿ ಒರಗಿಸಿಟ್ಟಿದ್ದ ಹೂವಿನ ಚಕ್ರದ ಅಗಲ ರಿಬ್ಬನ್ನಿನ ಮೇಲೆ ಚಿನ್ನದ ಅಕ್ಷರಗಳಲ್ಲಿ ಅದೇ ಬರೆದಿತ್ತು: ‘ಅವನು ಡೌನ್ ಅನ್ನಲಿಲ್ಲ’. ಸಮಾಧಿಯ ಕಲ್ಲಿನ ಮೇಲೂ ಅದನ್ನೇ ಕೆತ್ತಿಸುವುದಾಗಿ ಪ್ರೌಟ್ ಹೇಳಿಹೋಗಿದ್ದ. ಆಗಿನ ತಂಡಕ್ಕೆ ನಾಯಕ, ಈಗ ಹಿಟ್ಟಿನ ಗಿರಣಿಯ ಯಜಮಾನ, ಕಾಲೇಜಿನ ಆಡಳಿತ ಮಂಡಳಿಯ ಹಿರಿಯ. ಬೇರೆ ಏನನ್ನಾದರೂ ಕೆತ್ತಿಸಿ, ಆ ಮಾತು ಮಾತ್ರ ಬೇಡ ಎಂದು ಹಲ್ಡಾ ಕೇಳಿಕೊಂಡಿದ್ದಳು. ಪ್ರೌಟ್ ಅವಳ ಕೈಯನ್ನು ಮೆಲ್ಲನೆ ತಟ್ಟಿ, ದುಃಖದಲ್ಲಿ ಹೀಗೆಲ್ಲ ಅನ್ನಿಸುತ್ತದೆ, ಆರ್ಲೋ ಊರಿಗೆ ಸೇರಿದವನು ಎಂದಿದ್ದ.

ಕಲ್ಲಿನ ಮೇಲೆ ಆ ಮಾತು ಬಿದ್ದರೆ, ತಾನು ಸತ್ತಾಗ ಅದರ ಪಕ್ಕದಲ್ಲೇ ಮಲಗಬೇಕಲ್ಲ ಎಂಬುದು ಹಲ್ಡಾಳ ಸಂಕಟ. ಅವಳ ಬದುಕನ್ನು ತಿಂದದ್ದೇ ಆ ಮಾತು.

*

ಸಾವಿರದ ಎಂಟುನೂರ ತೊಂಬತ್ತಮೂರರ ಶರತ್ಕಾಲದಲ್ಲಿ ಕಾಲೇಜಿನ ಹುಡುಗರು ತಲೆಗೂದಲು ಕತ್ತರಿಸುವುದನ್ನು ನಿಲ್ಲಿಸಿದರು. ತಲೆಗೆ ರಕ್ಷಣೆ ಎಂದರೆ ಆಗ ಅದೇ. ಅಕ್ಟೋಬರ್ ಹೊತ್ತಿಗೆ ಹನ್ನೊಂದು ಹುಲ್ಲುಮೆದೆಗಳು ರಸ್ತೆಯಲ್ಲಿ ಓಡಾಡುತ್ತಿದ್ದವು. ಕ್ಷೌರಿಕ ಅವರನ್ನು ಕಂಡಾಗಲೆಲ್ಲ ಉಗಿಯುತ್ತಿದ್ದ. ಆಟದ ಮೈದಾನವೆಂದರೆ ಹಸು ಮೇಯುವ ಹುಲ್ಲುಗಾವಲು. ಪಂದ್ಯದ ಬೆಳಿಗ್ಗೆ ಸಗಣಿ ಎತ್ತಿಹಾಕಿ ಸುಣ್ಣದ ಗೆರೆ ಎಳೆಯುತ್ತಿದ್ದರು.

ಅದಕ್ಕೆ ಹಿಂದಿನ ವರ್ಷ ಒಂದು ಪಂದ್ಯವನ್ನೂ ಗೆಲ್ಲದ ತಂಡ ಅದು. ಲೂಥರ್ ಪ್ರೌಟ್ ನಾಯಕನಾದವನೇ ಎರಡು ಕೆಲಸ ಮಾಡಿದ. ಮೊದಲನೆಯದು, ತಂಡದಲ್ಲೇ ಹಗುರವಾದ ಹುಡುಗನನ್ನು ಆರಿಸಿ ಅವನ ಷರಾಯಿಯ ಸೊಂಟಕ್ಕೆ ಎರಡೂ ಕಡೆ ತೊಗಲಿನ ಹಿಡಿ ಹೊಲಿಸಿದ. ಎದುರಿನವರ ಗೋಡೆ ಒಡೆಯದಿದ್ದರೆ, ಚೆಂಡು ಅವುಚಿಕೊಂಡ ಆ ಹುಡುಗನನ್ನು ಹಿಡಿಗಳಿಂದ ಎತ್ತಿ ಅವರ ತಲೆಯ ಮೇಲಿಂದ ಎಸೆಯುವುದು, ಆಮೇಲೆ ಎಳೆಯುವುದು. ಹಗುರವಾದವನು ಆರ್ಲೋ. ಹಿಡಿ ಹೊಲಿದವಳು ಸಜ್ಜಿನ ಅಂಗಡಿಯ ಮಗಳು ಹಲ್ಡಾ. ಮೇಣ ಸವರಿದ ದಾರ, ಎರಡೆರಡು ಹೊಲಿಗೆ, ಹೋರಿ ಎಳೆದರೂ ಕಿತ್ತುಬರಬಾರದು ಹಾಗೆ. ಹೊಲಿಯುವಾಗ ಅವನು ಪಕ್ಕದಲ್ಲಿ ಕೂತು ದಾರ ಹಿಡಿದುಕೊಡುತ್ತಿದ್ದ. ಆಗಲೇ ಒಬ್ಬರ ಮೇಲೊಬ್ಬರಿಗೆ ಮನಸ್ಸಾದದ್ದು.

ಎರಡನೆಯದು, ಕುಲಾವಿ. ಡೌನ್ ಎಂದು ಕೂಗುವುದು ಹೆಂಗಸರ ಬುದ್ಧಿ ಎಂದ ಪ್ರೌಟ್. ಪಂದ್ಯದಲ್ಲಿ ಯಾರು ಕೂಗುತ್ತಾರೋ ಅವರು ಮರುದಿನ ಭಾನುವಾರ ಹೆಂಗಸರ ಕುಲಾವಿ ಕಟ್ಟಿಕೊಂಡು ಊರ ನಡುವೆ ನಡೆದು ಚರ್ಚಿಗೆ ಬರಬೇಕು. ಚೆಂಡು ಹಿಡಿದವನು ಬಿದ್ದರೆ, ಉಳಿದವರು ಅವನ ಬಾಯಿಂದ ಮಾತು ಬರುವ ಮೊದಲೇ ಎಳೆದು ಮುಂದೆ ಹಾಕಬೇಕು. ಕುಲಾವಿ ಬೇಕೆಂದು ಕೇಳಿಕೊಂಡು ಬಂದವನು ಆರ್ಲೋನೇ. ಹಲ್ಡಾ ನಗುನಗುತ್ತ ಅಮ್ಮನ ಹಳೆಯ ಬೂದುಬಣ್ಣದ ಕುಲಾವಿಯನ್ನು ಕೊಟ್ಟು ಕಳಿಸಿದಳು.

ಎರಡನೇ ಪಂದ್ಯದಲ್ಲಿ ಎನೋಸ್ ಟಕ್ ಕೂಗಿಬಿಟ್ಟ. ಎತ್ತಿನಂಥ ಆಳು, ಹೊಲದ ಮನೆಯವನು, ಮೇಲೆ ಏಳು ಜನ ಬಿದ್ದು ಉಸಿರು ಕಟ್ಟಿತ್ತು. ಮರುದಿನ ಆ ದೊಡ್ಡ ಮುಖಕ್ಕೆ ಪುಟ್ಟ ಕುಲಾವಿ ಬಿಗಿದುಕೊಂಡು, ಗಲ್ಲದ ಕೆಳಗೆ ಕಪ್ಪು ದಾರ ಗಂಟುಹಾಕಿಕೊಂಡು ಅವನು ನಡೆದ. ಊರಿಗೆ ಊರೇ ಚರ್ಚಿನ ಮೆಟ್ಟಿಲ ಮೇಲೆ ನಿಂತು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಹಲ್ಡಾ. ಹತ್ತೊಂಬತ್ತರ ವಯಸ್ಸು, ನಗುವುದಕ್ಕೆ ಕಾರಣವೇ ಬೇಡ. ಪಕ್ಕದಲ್ಲಿದ್ದ ಆರ್ಲೋನ ಕಡೆ ತಿರುಗಿ, “ನೀನೇನಾದ್ರೂ ಇದನ್ನ ಕಟ್ಟಿಕೊಂಡು ಬಂದ್ರೆ, ನೀನು ಯಾರು ಅಂತಾನೇ ನಂಗೆ ಗೊತ್ತಿಲ್ಲ ಅಂದುಬಿಡ್ತೀನಿ” ಎಂದಳು. ಅವನೂ ನಕ್ಕ.

ಆಮೇಲೆ ಯಾರೂ ಕೂಗಲಿಲ್ಲ. ಮೂಗು ಮುರಿಯಿತು, ಕಿವಿ ಹರಿಯಿತು, ಒಬ್ಬನ ಭುಜ ಕಳಚಿತು, ಯಾರೂ ಕೂಗಲಿಲ್ಲ. ತಂಡ ಒಂದಾದ ಮೇಲೊಂದು ಪಂದ್ಯ ಗೆದ್ದಿತು. ನಮ್ಮದಕ್ಕಿಂತ ಮೂರು ಪಾಲು ದೊಡ್ಡ ಕಾಲೇಜುಗಳು ಹಸುವಿನ ಹುಲ್ಲುಗಾವಲಿಗೆ ಬಂದು ಸೋತು ಹೋದವು. ಕೊನೆಯದು ಥ್ಯಾಂಕ್ಸ್‌ಗಿವಿಂಗ್ ದಿನ, ಕಾರ್ಬಿ ಕಾಲೇಜಿನ ಮೇಲೆ. ಕತ್ತಲಾಗುತ್ತ ಬಂದಿತ್ತು, ಗೋಲು ಗೆರೆ ಒಂದು ಗಜ ದೂರವಿತ್ತು, ದಾಟಿದರೆ ಗೆಲುವು. ಆರ್ಲೋನನ್ನು ಎತ್ತಿ ಎಸೆದರು. ಬಂಡಿಯ ಮೇಲೆ ನಿಂತು ನೋಡುತ್ತಿದ್ದ ಹಲ್ಡಾಳಿಗೆ ಮೈಗಳ ರಾಶಿ ಮಾತ್ರ ಕಂಡಿತು. ಜನರ ಕೂಗಿನಲ್ಲಿ ಬೇರೆ ಏನೂ ಕೇಳಲಿಲ್ಲ. ರಾಶಿ ಒಂದು ಗಜ ಸರಿಯಿತು, ಟೋಪಿಗಳು ಮೇಲಕ್ಕೆ ಹಾರಿದವು. ಎಲ್ಲರೂ ಎದ್ದರು, ಆರ್ಲೋ ಏಳಲಿಲ್ಲ.

*

ಅಡುಗೆಮನೆಯಲ್ಲಿ ಬೇಯಿಸಿದ ಹಂದಿತೊಡೆ, ಆಲೂಗಡ್ಡೆ, ನಾಲ್ಕೈದು ಬಗೆಯ ಪೈ ಸಾಲಾಗಿ ಕೂತಿದ್ದವು. ಮಿನ್ನಾ ಬಂದು ಅಕ್ಕನ ಕಿವಿಯಲ್ಲಿ ಹೇಳಿದಳು: ಎನೋಸ್ ಟಕ್ ಹಿಂದಿನ ಬಾಗಿಲಿಂದ ಬಂದಿದ್ದಾನೆ, ಶವಪೆಟ್ಟಿಗೆ ಹೊರಲು ತನಗೆ ಆಗುವುದಿಲ್ಲ, ಬೇರೆ ಯಾರಿಗಾದರೂ ಹೇಳಿ ಎನ್ನುತ್ತಿದ್ದಾನೆ.

“ಹಸುವನ್ನ ಹೆಗಲ ಮೇಲೆ ಹೊತ್ತುಕೊಂಡು ಹೋಗೋ ಆಸಾಮಿ. ಕೈನೋವಂತೆ, ಕೈನೋವು” ಎಂದಳು ಮಿನ್ನಾ.

ಎನೋಸ್ ಹಿತ್ತಿಲ ಮೆಟ್ಟಿಲ ಮೇಲೆ ಕೂತಿದ್ದ. ತಂಡದವರಲ್ಲಿ ಉಳಿದಿದ್ದ ಆರು ಜನರೇ ಪೆಟ್ಟಿಗೆ ಹೊರಬೇಕೆಂದು ಪ್ರೌಟ್ ಗೊತ್ತುಮಾಡಿದ್ದ. ಹೊರುವವರು ತೊಡಬೇಕಾದ ಬಿಳಿ ಕೈಗವಸುಗಳು ಎನೋಸನ ಮಂಡಿಯ ಮೇಲಿದ್ದವು. ಹಲ್ಡಾ ಪಕ್ಕದಲ್ಲಿ ಕೂತಳು. ಅವನು ಅವಳ ಮುಖ ನೋಡಲಿಲ್ಲ.

“ಕೈನೋವೇನಿಲ್ಲ” ಎಂದ. “ಆ ರಿಬ್ಬನ್ನಿನ ಹಿಂದೆ ನಡೆಯಕ್ಕೆ ನನ್ನ ಕೈಲಾಗಲ್ಲ, ಹಲ್ಡಾ.”

“ನನ್ನ ಕೈಲೂ ಆಗಲ್ಲ. ನನಗೇನೋ ಕಾರಣ ಇದೆ. ನಿನಗೇನು?”

ಅವನು ಕೈಗವಸುಗಳನ್ನು ಮಡಿಸಿದ. ಹಿತ್ತಿಲ ಬೇಲಿಯನ್ನೇ ನೋಡುತ್ತ ಕೂತ. ಒಳಗೆ ಯಾರೋ ಬಂದವರು ಮಿನ್ನಾಳ ಜೊತೆ ಮಾತಾಡುವುದು ಕೇಳುತ್ತಿತ್ತು.

“ಎನೋಸ್. ನೀನು ಅವನ ಪಕ್ಕದಲ್ಲಿದ್ದೆ. ಅವನ್ಯಾಕೆ ಅನ್ನಲಿಲ್ಲ?”

“ಅಂದ” ಎಂದ ಎನೋಸ್.

*

ಆ ಪಂದ್ಯವಾದ ಮುಂದಿನ ವಸಂತದಲ್ಲಿ, ಇನ್ನು ಆರ್ಲೋ ಏಳುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ, ಹಲ್ಡಾ ಅವನನ್ನು ಮದುವೆಯಾದಳು. ಅಪ್ಪ ತಿಂಗಳುಗಟ್ಟಲೆ ಮಾತು ಬಿಟ್ಟ. ಊರು ಕೊಂಡಾಡಿತು. ವೀರನಿಗೆ ತಕ್ಕ ಹೆಣ್ಣು ಎಂದು ಪತ್ರಿಕೆ ಬರೆಯಿತು. ಅವಳ ಮನಸ್ಸಿನಲ್ಲಿದ್ದದ್ದು ಬೇರೆ. ಚರ್ಚಿನ ಮೆಟ್ಟಿಲ ಮೇಲೆ ತಾನು ಆಡಿದ ಮಾತಿಗೇ ಅವನು ಬಾಯಿ ಕಟ್ಟಿಕೊಂಡ, ತಾನು ನಗದೆ ಇದ್ದಿದ್ದರೆ ಕೂಗುತ್ತಿದ್ದ ಎಂಬುದು ಅವಳನ್ನು ಕೊರೆಯುತ್ತಿತ್ತು. ಅದನ್ನು ತೀರಿಸುತ್ತೇನೆಂದು ಅವಳು ಮದುವೆಯಾದದ್ದು.

ಅಂಥದ್ದು ಎಲ್ಲಿ ತೀರುತ್ತದೆ? ಎರಡು ವರ್ಷ ಕಳೆಯುವುದರೊಳಗೆ ಆ ಕೊರೆತ ಸಿಟ್ಟಾಯಿತು. ತಮಾಷೆಗೆ ಆಡಿದ ಮಾತು ಅದು. ಅಷ್ಟಕ್ಕೆ ಯಾರಾದರೂ ಬೆನ್ನು ಮುರಿದುಕೊಳ್ಳುತ್ತಾರೆಯೇ? ಬೇರೆಯವರ ಮಗುವನ್ನು ಎತ್ತಿಕೊಂಡಾಗ, ಕುಣಿತದ ಮನೆಯ ಮುಂದೆ ಹಾದುಹೋಗುವಾಗ, ಒಂದೇ ಒಂದು ಮಾತು ಆಡಿದ್ದರೆ ಇದೆಲ್ಲ ತನಗೂ ಇರುತ್ತಿತ್ತು ಎಂದು ಹಲ್ಲು ಕಚ್ಚುತ್ತಿದ್ದಳು. ಒಮ್ಮೆ, ಅವನ ಕಾಲು ತೊಳೆಯುತ್ತಿದ್ದಾಗ, ಕೇಳಿಯೂ ಬಿಟ್ಟಳು. “ಯಾಕೆ ಅನ್ನಲಿಲ್ಲ ನೀನು?”

ಅವನು ಬಹಳ ಹೊತ್ತು ಅವಳ ಮುಖವನ್ನೇ ನೋಡಿದ. ಏನೋ ಹೇಳುವವನ ಹಾಗೆ ಬಾಯಿ ತೆರೆದು, ಆಮೇಲೆ “ನೆನಪಿಲ್ಲ” ಎಂದ.

ಅಲ್ಲಿಗೆ ಆ ಮನೆಯಲ್ಲಿ ಮಾತು ಮುಗಿಯಿತು. ಹಲ್ಡಾ ಅವನಿಗೆ ಯಾವುದನ್ನೂ ಕಡಿಮೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಊಟ, ಒಗೆದ ಹಾಸಿಗೆ, ಹುಣ್ಣಿಗೆ ಮುಲಾಮು. ಆದರೆ ಕಣ್ಣು ಕೊಟ್ಟು ಮಾತಾಡಲಿಲ್ಲ. ಸಂಜೆ ಅವನ ಪಕ್ಕ ಕೂರಲಿಲ್ಲ. ಅವನ ತಲೆಗೂದಲು ನೆರೆತದ್ದನ್ನು ಗಮನಿಸಿದ್ದೂ ಯಾರೋ ಹೇಳಿದ ಮೇಲೆ. ಥ್ಯಾಂಕ್ಸ್‌ಗಿವಿಂಗ್ ಪಂದ್ಯಕ್ಕೆ ಹೋಗಿಬಂದ ದಿನ ಅವನು ತಟ್ಟೆ ಮುಟ್ಟುತ್ತಿರಲಿಲ್ಲ. ಊರಿನವರ ಚಪ್ಪಾಳೆಯಲ್ಲೇ ಹೊಟ್ಟೆ ತುಂಬಿರಬೇಕು ಎಂದುಕೊಂಡು ಅವಳು ತಟ್ಟೆಯನ್ನು ಎತ್ತಿಡುತ್ತಿದ್ದಳು.

*

“ಒಂದು ಸಲ ಅಲ್ಲ. ಮೂರು ಸಲ ಅಂದ” ಎಂದ ಎನೋಸ್. ಒಮ್ಮೆ ಬಾಯಿಬಿಟ್ಟ ಮೇಲೆ ಅವನಿಗೆ ತಡೆಯಲಾಗಲಿಲ್ಲ. “ಮೊದಲು ಸುಮ್ಮನೆ ಡೌನ್ ಅಂದ. ಆಮೇಲೆ ಡೌನ್, ಲೂಥರ್, ಅಂದ. ಆ ಹೊತ್ತಿಗೆ ಕಾರ್ಬಿಯವರು ಅವನ ಕಾಲು ಹಿಡಿದು ತಿರುಚುತಾ ಇದ್ರು. ರೆಫರಿ ರಾಶಿಯ ಆ ಕಡೆ ಇದ್ದ, ಅವನಿಗೆ ಏನೂ ಕೇಳಲಿಲ್ಲ. ಲೂಥರ್ ಒಂದು ಹಿಡಿ ಹಿಡಿದಿದ್ದ, ನಾನು ಇನ್ನೊಂದು. ಲೂಥರ್ ನನ್ನ ಮುಖ ನೋಡಿ, ಇನ್ನೊಂದು ಗಜ ಅಷ್ಟೇ ಕಣೋ, ಎಳಿ, ಅಂದ. ಆಗ ಇವನು ನನ್ನ ಹೆಸರು ಹಿಡಿದ. ಎನೋಸ್, ಡೌನ್, ಅಂದ. ಕೂಗಲಿಲ್ಲ. ಬೇಡಿಕೊಂಡ.”

“ನೀನು ಎಳೆದೆ.”

“ಎಳೆದೆ. ಯಾಕೆ ಗೊತ್ತಾ? ಆ ಕುಲಾವಿ ಕಟ್ಟಿಕೊಂಡು ನಡೆದವನು ನಾನು. ಆ ನಗು ನನಗೆ ಗೊತ್ತು. ಇವನಿಗೆ ಆ ಗತಿ ಬೇಡ ಅಂತ ಎಳೆದೆ. ಗೆರೆ ದಾಟಿಬಿಟ್ರೆ ಗೆದ್ದ ಗಲಾಟೆಯಲ್ಲಿ ಇವನು ಅಂದಿದ್ದು ಯಾರಿಗೂ ಗೊತ್ತಾಗಲ್ಲ, ಮರ್ಯಾದೆ ಉಳಿಯುತ್ತೆ ಅಂದುಕೊಂಡೆ. ಉಪಕಾರ ಮಾಡ್ತಿದ್ದೀನಿ ಅಂದುಕೊಂಡಿದ್ದೆ, ಹಲ್ಡಾ. ಹಿಡಿ ಕಿತ್ತುಬಂದಿದ್ರೂ ಆಗಿತ್ತು. ಬರಲಿಲ್ಲ.”

ಹೇಳಬಾರದ್ದನ್ನು ಹೇಳಿದೆ ಎಂದು ಅವನು ತುಟಿ ಕಚ್ಚಿಕೊಂಡ. ಹಲ್ಡಾ ತನ್ನ ಬೆರಳುಗಳನ್ನು ನೋಡಿಕೊಂಡಳು. ಮೇಣ ಸವರಿ ಸವರಿ ಗಟ್ಟಿಯಾದ ಬೆರಳುಗಳು.

ಉಳಿದದ್ದನ್ನು ಅವನು ತಡವರಿಸುತ್ತ ಹೇಳಿದ. ಅವತ್ತೇ ಸಂಜೆ ಪತ್ರಿಕೆಯವನು ಬಂದಾಗ, ಆರ್ಲೋ ಡೌನ್ ಅನ್ನಲೇ ಇಲ್ಲ, ಅಂದಿದ್ದರೆ ನಾವು ಬಿಡುತ್ತಿರಲಿಲ್ಲವೇ ಎಂದು ಪ್ರೌಟ್ ಹೇಳಿದ. ಎನೋಸ್ ಹೌದೆಂದು ತಲೆಯಾಡಿಸಿದ. ಆರ್ಲೋಗೆ ಎಚ್ಚರ ಬಂದ ದಿನ ಆ ಪತ್ರಿಕೆಯನ್ನು ಅವನ ಮುಂದೆಯೇ ಓದಿದರು. ಅವನು ಈಗ ಉಗಿಯುತ್ತಾನೆ, ಈಗ ಉಗಿಯುತ್ತಾನೆ ಎಂದು ಇಬ್ಬರೂ ತಲೆ ತಗ್ಗಿಸಿ ನಿಂತಿದ್ದರು. ಅವನು ಕೊನೆಯವರೆಗೂ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ.

“ಆಮೇಲೆ ಯಾವತ್ತಾದ್ರೂ ಹೇಳಬಹುದಿತ್ತಲ್ಲ” ಎಂದಳು ಹಲ್ಡಾ. “ನಾನು ಕೇಳಿದ್ದೆ. ಬಾಯಿಬಿಟ್ಟು ಕೇಳಿದ್ದೆ.”

“ನಾನೂ ಕೇಳಿದ್ದೆ. ಒಂದು ವರ್ಷ ಪಂದ್ಯ ಮುಗಿಸಿಕೊಂಡು ವಾಪಸು ಬರುವಾಗ, ಗಾಡಿಯಲ್ಲಿ ನಾವಿಬ್ಬರೇ ಇದ್ವಿ. ನಿಜ ಹೇಳಿಬಿಡೋಣ, ಸಾಕು, ನಂಗೆ ತಡೆಯಕ್ಕಾಗ್ತಿಲ್ಲ ಅಂದೆ.” ಎನೋಸ್ ಅಂಗೈಯಿಂದ ಮುಖ ಒರೆಸಿಕೊಂಡ. “ಬೇಡ ಅಂದ. ಅವಳು ಮದುವೆಯಾಗಿದ್ದು ಡೌನ್ ಅನ್ನದವನನ್ನ. ಅಂದವನನ್ನ ಗುರುತೂ ಹಿಡಿಯಲ್ಲ ಅಂತ ಮೊದಲೇ ಹೇಳಿದ್ದಾಳೆ. ನನ್ನ ಹತ್ರ ಅವಳಿಗೆ ಕೊಡಕ್ಕೆ ಇನ್ನೇನಿದೆ ಅಂದ.”

ಹಲ್ಡಾ ಅಳಲಿಲ್ಲ. ಅಳು ಬಂದಿದ್ದರೆ ಎಷ್ಟೋ ವಾಸಿಯಾಗಿತ್ತು. ಎತ್ತಿಟ್ಟ ತಟ್ಟೆಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಕಾಲು ತೊಳೆಯುತ್ತಿದ್ದ ಆ ದಿನ ಅವನು ಬಾಯಿ ತೆರೆದು, ಅವಳ ಮುಖದಲ್ಲಿ ಏನನ್ನೋ ಹುಡುಕಿ, ಸಿಗದೆ, ನೆನಪಿಲ್ಲ ಎಂದದ್ದು ಬಂತು. ಅವಳು ದ್ವೇಷಿಸುತ್ತಿದ್ದುದನ್ನೇ ಅವಳಿಗೆ ಕೊಡುವ ಉಡುಗೊರೆ ಎಂದುಕೊಂಡು ಅವನು ಹಲ್ಲು ಕಚ್ಚಿ ಕಾಪಾಡಿದ್ದ. ಒಂದೇ ಮನೆ, ಒಂದೇ ಮೇಜು, ಮೂವತ್ತೆಂಟು ವರ್ಷ. ಕೇಳಲು ಈಗ ಯಾರೂ ಉಳಿದಿರಲಿಲ್ಲ, ಹೇಳಲೂ ಯಾರೂ ಇರಲಿಲ್ಲ.

ಒಳಗಿನಿಂದ ಮಿನ್ನಾ ಕರೆದಳು, ಪಾದ್ರಿ ಬಂದಿದ್ದರು. ಹಲ್ಡಾ ಮೆಟ್ಟಿಲು ಹಿಡಿದು ಎದ್ದಳು.

“ನೀನು ಹೊರಬೇಕು, ಎನೋಸ್. ಅವನು ಹೆಸರು ಹಿಡಿದು ಕರೆದದ್ದು ನಿನ್ನನ್ನ.”

ಪೆಟ್ಟಿಗೆ ಮುಚ್ಚುವ ಮೊದಲು ಅವಳು ಒಬ್ಬಳೇ ಆ ಕೋಣೆಗೆ ಹೋದಳು. ಕತ್ತರಿಸಿದ ಸ್ವೆಟರ್ ಕುರ್ಚಿಯ ಮೇಲೆ ಬಿದ್ದಿತ್ತು. ಅದನ್ನು ಮಡಿಸಿ ಅವನ ಪಾದಗಳ ಮೇಲೆ ಹೊದಿಸಿದಳು, ಅವು ಯಾವಾಗಲೂ ತಣ್ಣಗಿರುತ್ತಿದ್ದವು. ಅವನ ಮುಖವನ್ನು ಹೀಗೆ ನೋಡಿ ಎಷ್ಟು ಕಾಲವಾಗಿತ್ತು. ಎಡ ಹುಬ್ಬಿನ ಹತ್ತಿರ ಒಂದು ಗಾಯದ ಕಲೆಯಿತ್ತು. ಅದು ಯಾವಾಗ ಆದದ್ದೆಂದು ಅವಳಿಗೆ ಗೊತ್ತಿರಲಿಲ್ಲ.

“ನಾನು ಗುರುತು ಹಿಡೀತಿದ್ದೆ ಕಣೋ” ಎಂದಳು. “ದಡ್ಡ. ಹಿಡೀತಿದ್ದೆ.”

ಮುಂದಿನ ಕೋಣೆಯಲ್ಲಿ, ಅಂಗಳದಲ್ಲಿ, ಬೇಲಿಯಾಚೆ ಜನವೋ ಜನ. ಪಾದ್ರಿಯ ಪ್ರಾರ್ಥನೆಯಾದ ಮೇಲೆ ಪ್ರೌಟ್ ಎದ್ದ. ಕೂದಲು ಬೆಳ್ಳಗಾಗಿದ್ದರೂ ದನಿ ಇನ್ನೂ ನಾಯಕನದೇ. ಕತ್ತಲಾಗುತ್ತಿದ್ದ ಆ ಸಂಜೆಯನ್ನು, ಆ ಒಂದು ಗಜವನ್ನು ವರ್ಣಿಸಿದ. ಒಂದೇ ಮಾತು ಆಡಿದ್ದರೆ ಅವನು ಇವತ್ತು ನಮ್ಮ ಹಾಗೆ ನಡೆದಾಡಿಕೊಂಡಿರುತ್ತಿದ್ದ ಎಂದಾಗ ಅವನ ದನಿ ನಿಜವಾಗಿಯೂ ಒಡೆಯಿತು. ಹೇಳಿ ಹೇಳಿ ಅವನೇ ಅದನ್ನು ನಂಬಿಬಿಟ್ಟಿದ್ದನೋ ಏನೋ. ಹೆಂಗಸರು ಕಣ್ಣೊರೆಸಿಕೊಂಡರು.

ಎದ್ದು ಹೇಳಿಬಿಡಲೇ ಎಂದುಕೊಂಡಳು ಹಲ್ಡಾ. ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ, ಅವನು ತನ್ನ ಇಡೀ ಬದುಕು ತೆತ್ತು ಉಳಿಸಿಕೊಂಡ ಒಂದೇ ಒಂದು ಆಸ್ತಿಯನ್ನು ಅವನ ಹೆಣದ ಮುಂದೆಯೇ ಕಿತ್ತುಕೊಂಡಂತೆ. ಹೇಳದಿದ್ದರೆ, ಮೂರು ಸಲ ಬೇಡಿಕೊಂಡವನ ಬಾಯಿಯನ್ನು ನಾಲ್ಕನೇ ಸಲ ತಾನೇ ಮುಚ್ಚಿದಂತೆ. ಅವಳು ಎದ್ದು, ಜನರ ನಡುವೆ ದಾರಿ ಮಾಡಿಕೊಂಡು, ಮಾತಿಲ್ಲದೆ ಮಹಡಿಗೆ ಹೋದಳು.

ಪೆಟ್ಟಿಗೆ ಹೊರಗೆ ಬಂದು ಗಾಡಿಗೆ ಏರಿದಾಗ ಹಲ್ಡಾ ಬಾಗಿಲಲ್ಲಿ ಕಾಣಿಸಿಕೊಂಡಳು. ತಲೆಯ ಮೇಲೆ ಕಪ್ಪು ಟೋಪಿ ಇರಲಿಲ್ಲ. ಅಮ್ಮನ ಬೂದು ಕುಲಾವಿ ಇತ್ತು. ಸೀಸನ್ ಮುಗಿದ ಮೇಲೆ ಎನೋಸ್ ತಂದುಕೊಟ್ಟದ್ದನ್ನು ಅವಳು ಟ್ರಂಕಿನ ತಳಕ್ಕೆ ಹಾಕಿದ್ದಳು, ಮತ್ತೆ ತೆಗೆದಿರಲಿಲ್ಲ. ಅಲ್ಲಲ್ಲಿ ನುಸಿ ತಿಂದಿತ್ತು. ಕಪ್ಪು ದಾರವನ್ನು ಗಲ್ಲದ ಕೆಳಗೆ ಬಿಗಿಯಾಗಿ ಗಂಟುಹಾಕಿದ್ದಳು.

ಮಿನ್ನಾಳಿಗೆ ತಕ್ಷಣ ಗುರುತು ಸಿಕ್ಕಿತು. ಅವಳು ಅಕ್ಕನ ಮೊಣಕೈ ಹಿಡಿದಳು. “ಅಕ್ಕಾ, ಇದು ಬೇಡ. ಜನ ನಗ್ತಾರೆ.”

“ನಗಲಿ. ನಗಿಸೋದಕ್ಕೇ ಇರೋದು ಇದು.”

ಕಾರು ಹತ್ತಲು ಅವಳು ಒಪ್ಪಲಿಲ್ಲ. ಗಾಡಿಯ ಹಿಂದೆ ನಡೆದಳು. ಅವತ್ತು ಭಾನುವಾರ. ಸಜ್ಜಿನ ಅಂಗಡಿಯ ಮುಂದೆ, ಕ್ಷೌರದಂಗಡಿಯ ಮುಂದೆ, ಚರ್ಚಿನ ಮೆಟ್ಟಿಲುಗಳ ಮುಂದೆ ಹಾದು ಸ್ಮಶಾನದ ದಿಬ್ಬದವರೆಗೆ ನಡೆದಳು. ಚಿಕ್ಕವರು ಮುದುಕಿಗೆ ದುಃಖದಲ್ಲಿ ತಲೆ ಕೆಟ್ಟಿದೆ ಎಂದುಕೊಂಡರು. ಮೆಟ್ಟಿಲ ಮೇಲಿದ್ದ ಒಂದಿಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ವಯಸ್ಸಾದ ಕೆಲವರು ಮಾತ್ರ ಆ ಕುಲಾವಿಯನ್ನು ದಿಟ್ಟಿಸಿ ನೋಡಿ, ಏನೋ ನೆನಪಾದವರಂತೆ, ನೋಟವನ್ನು ಬೇರೆ ಕಡೆಗೆ ತಿರುಗಿಸಿದರು.

ಗುಂಡಿಯ ಎರಡೂ ಕಡೆ ಮೂರು ಮೂರು ಜನ ನಿಂತು, ಪೆಟ್ಟಿಗೆಯ ಅಡಿಗೆ ಹಾಯಿಸಿದ್ದ ಅಗಲ ಪಟ್ಟಿಗಳನ್ನು ಹಿಡಿದು ಇಳಿಸಿದರು. ತಲೆಯ ಕಡೆ ಪ್ರೌಟ್, ಎದುರಿಗೆ ಎನೋಸ್. ಪ್ರೌಟ್ ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡಿದ್ದ. ಪೆಟ್ಟಿಗೆ ನೆಲ ಮುಟ್ಟಿದ ಸದ್ದು ಕೇಳಿತು. ಅವನು ತಲೆ ಎತ್ತಿದಾಗ ಎದುರಿಗೆ ಹಲ್ಡಾ ಇದ್ದಳು. ಅವನ ಕಣ್ಣು ಅವಳ ಮುಖಕ್ಕೆ, ಅಲ್ಲಿಂದ ಕುಲಾವಿಗೆ, ಅಲ್ಲಿಂದ ಎನೋಸನ ಕಡೆಗೆ ಹೋಯಿತು. ಮುಖದ ಬಣ್ಣವೆಲ್ಲ ಇಳಿಯಿತು. ಆರು ಮುದುಕರು ಪಟ್ಟಿ ಹಿಡಿದು ನಿಂತೇ ಇದ್ದರು.

“ಅವನು ಡೌನ್ ಅಂದಿದ್ದ, ಲೂಥರ್” ಎಂದಳು ಹಲ್ಡಾ. ಮೆಲ್ಲಗೆ ಹೇಳಿದರೂ ಹತ್ತಿರ ನಿಂತಿದ್ದವರಿಗೆಲ್ಲ ಕೇಳಿತು. “ಇನ್ನಾದ್ರೂ ಬಿಡಿ.”

ಎನೋಸ್ ಬಿಟ್ಟ. ಅವನನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಿಟ್ಟರು. ಪಟ್ಟಿಗಳು ಪೆಟ್ಟಿಗೆಯ ಮೇಲೆ ಸಪ್ಪಳ ಮಾಡಿ ಬಿದ್ದವು. ಪ್ರೌಟನ ಕೈಯಲ್ಲಿದ್ದದ್ದು ಬೀಳಲಿಲ್ಲ. ಅವನು ಬಿಚ್ಚಲು ನೋಡುತ್ತಿದ್ದ, ಎಳೆದಷ್ಟೂ ಸುತ್ತು ಇನ್ನಷ್ಟು ಬಿಗಿಯುತ್ತಿತ್ತು. ಹಲ್ಡಾ ಗುಂಡಿಯನ್ನು ಸುತ್ತಿ ಬಂದು, ಕುದುರೆಯ ಸಜ್ಜು ಬಿಚ್ಚುವ ಹಾಗೆ, ಅವನ ಕೈ ಎತ್ತಿ ಒಂದೊಂದೇ ಸುತ್ತನ್ನು ಬಿಡಿಸಿದಳು. ಅವನು ಹಿಂದಕ್ಕೆ ಸರಿದು, ಟೋಪಿಯನ್ನು ಎಲ್ಲಿಟ್ಟೆನೆಂದು ತಿಳಿಯದವನಂತೆ ಹುಲ್ಲಿನಲ್ಲಿ ಹುಡುಕತೊಡಗಿದ.

ಪಟ್ಟಿಯ ತುದಿ ಈಗ ಹಲ್ಡಾಳ ಕೈಯಲ್ಲಿತ್ತು. ಎಲ್ಲರೂ ಕಾಯುತ್ತಿದ್ದರು. ಅವಳು ಅದನ್ನು ಸ್ವಲ್ಪ ಎಳೆದು ನೋಡಿದಳು. ಕೆಳಗೆ ಅದೇ ಭಾರ, ಅವಳ ಕೈಗಳಿಗೆ ಗೊತ್ತಿದ್ದ ಭಾರ. ಪಾದ್ರಿ ಹತ್ತಿರ ಬಂದು ಏನೋ ಹೇಳಿದರು, ಮಿನ್ನಾ ಹೆಗಲು ಮುಟ್ಟಿ ಕರೆದಳು, ಗುದ್ದಲಿ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಲ್ಡಾ ಕುಲಾವಿಯ ಅಡಿಯಲ್ಲಿ ತಲೆ ತಗ್ಗಿಸಿ, ಪಟ್ಟಿಯನ್ನು ಎರಡೂ ಕೈಗಳಲ್ಲಿ ಹಿಡಿದು, ಬಿಡದೆ ನಿಂತಿದ್ದಳು.